ಛತ್ರಿಗಳ ಹೊತ್ತಿನಲ್ಲಿ ಒಂದು ಸಾಕ್ಷಿ

ನಮ್ಮ ಮನೆಯವರು ಗಾರೆ ಮೇಸ್ತ್ರಿ. ಗೋಡೆ, ಮೆಟ್ಟಿಲು, ತಾರಸಿ ಏನು ಕೊಟ್ಟರೂ ಕಟ್ಟುತ್ತಾರೆ, ಆದರೆ ಟೈಲ್ಸ್ ಹಾಕುವುದರಲ್ಲಿ ಅವರಿಗೆ ಸಮನಾದವರನ್ನು ನಾನು ನೋಡಿಲ್ಲ. ಹೆಂಡತಿ ಹೇಳುವ ಮಾತು ಎಂದು ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ಅವರು ಮಾಡಿದ ಬಚ್ಚಲಿನಲ್ಲಿ ಯಾವ ಮೂಲೆಗೆ ಒಂದು ಗೋಲಿ ಇಟ್ಟರೂ ಅದು ತಾನಾಗಿಯೇ ಉರುಳಿಕೊಂಡು ನೀರು ಹೋಗುವ ತೂತಿನ ಹತ್ತಿರ ಹೋಗಿ ನಿಲ್ಲುತ್ತದೆ. ಇದನ್ನು ನಾನೇ ಗೋಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದ್ದೇನೆ.

ಆ ಕೈಯ ಕೆಲಸವೇ ನಮ್ಮನ್ನು ಈ ಪರದೇಶದ ಹಳ್ಳಿಗೆ ತಂದಿತು. ಎರಡು ವಿಮಾನ, ಒಂದು ರೈಲು, ಒಂದು ಬಸ್ಸು ಹತ್ತಿ ನಾನು, ಇವರು, ನಮ್ಮ ಅತ್ತೆ ಮೂವರೂ ಬಂದು ಇಳಿದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಉದ್ದನೆಯ ಒಂದೇ ಬೀದಿ. ಒಂದು ಅಂಗಡಿ, ಒಂದು ಶಾಲೆ, ಒಂದು ವೃದ್ಧಾಶ್ರಮ, ಬೀದಿ ಮುಗಿಯುವಲ್ಲಿ ಕಲ್ಲಿನ ಚರ್ಚು. ಅತ್ತೆ ಚರ್ಚಿನ ಗೋಪುರದ ಮೇಲಿದ್ದ ಶಿಲುಬೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಸರಿ ಬಿಡು, ನಮ್ಮೋರು ಇದ್ದಾರೆ," ಎಂದು ಸೂಟ್‌ಕೇಸಿನ ಮೇಲೆ ನೆಮ್ಮದಿಯಾಗಿ ಕೂತುಬಿಟ್ಟರು.

ನಮ್ಮನ್ನು ಕರೆಸಿಕೊಂಡ ಯಜಮಾನ ಈ ಊರಿನವನೇ. ಮಾತು ಶುರು ಮಾಡುವ ಮುಂಚೆ ಒಂದು ಸಲ, ಮುಗಿಸಿದ ಮೇಲೆ ಒಂದು ಸಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಮೊದಲ ದಿನವೇ ನಾನು ಅವನಿಗೆ ಗಡಿಯಾರದಪ್ಪ ಎಂದು ಹೆಸರಿಟ್ಟೆ. ಕೆಟ್ಟ ಮನುಷ್ಯನೇನಲ್ಲ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅವನ ಬಿಳಿ ವ್ಯಾನು ನಮ್ಮ ಗೇಟಿನ ಮುಂದೆ ನಿಂತು ಎರಡು ಸಲ ಹಾರನ್ ಹೊಡೆಯುತ್ತಿತ್ತು. ಮೂರನೆಯ ಸಲ ಹೊಡೆಯುವ ಕಷ್ಟವನ್ನು ಇವರು ಅವನಿಗೆ ಎಂದೂ ಕೊಡಲಿಲ್ಲ. ಆರು ತಿಂಗಳು ಕೆಲಸ ನೋಡುತ್ತೇನೆ, ಹಿಡಿಸಿದರೆ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದಿದ್ದ. ಆ ಸಹಿ ಬಿದ್ದರೆ ನಾವು ಈ ದೇಶದಲ್ಲಿ ಇರಬಹುದು, ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು. ಊರಲ್ಲಿ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಪಡಗ ಎಲ್ಲ ನೆಂಟರಿಗೆ ಹಂಚಿ ಬಂದವರು ನಾವು. ವಾಪಸು ಹೋದರೆ ಚಾಪೆ ಹಾಸಲೂ ನಮ್ಮದು ಎನ್ನುವ ಜಾಗವಿರಲಿಲ್ಲ.

ನನಗೆ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಸಿಕ್ಕಿತು. ಎರಡು ದೊಡ್ಡ ಮಷೀನು, ಒಂದು ಉದ್ದನೆಯ ಮೇಜು, ಬೆಟ್ಟದಷ್ಟು ಹಾಸಿಗೆ ಬಟ್ಟೆ. ಮಡಿಸುವುದಕ್ಕೆ ನನ್ನ ಜೊತೆ ಈ ಊರಿನವಳೇ ಒಬ್ಬಳಿದ್ದಳು. ದುಪ್ಪಟಿಯ ಆ ತುದಿ ಅವಳು, ಈ ತುದಿ ನಾನು. ಹತ್ತಿರ ಬರುವಾಗ ಒಂದು ಮಾತು, ದೂರ ಹೋಗುವಾಗ ಒಂದು ಮಾತು; ಹೀಗೆ ಇಲ್ಲಿನ ಭಾಷೆ ನನಗೆ ಬೇಗ ಬಾಯಿಗೆ ಬಂತು. ಇವರಿಗೆ ಕೆಲಸಕ್ಕೆ ಬೇಕಾದ ನಾಲ್ಕು ಮಾತು ಬಿಟ್ಟರೆ ಬರಲಿಲ್ಲ. ಟೈಲ್ಸು ಮಾತಾಡುವುದಿಲ್ಲವಲ್ಲ.

ಇನ್ನು ಚರ್ಚಿನ ವಿಷಯ ಹೇಳಬೇಕು, ಎಲ್ಲ ಆದದ್ದು ಅಲ್ಲಿಯೇ.

ನಮ್ಮೂರಿನ ಸಭೆ ತಗಡಿನ ಸೂರಿನದು. ಗಂಡಸರಿಗೆ ಒಂದು ಕಡೆ ಚಾಪೆ, ಹೆಂಗಸರಿಗೆ ಒಂದು ಕಡೆ ಚಾಪೆ. ಬೈಬಲ್ ಓದಿ ಹೇಳುವ ಪ್ರಸಂಗ ಮುಗಿದ ಮೇಲೆ ಪಾಸ್ಟರ್, "ಯಾರಿಗಾದ್ರೂ ಸಾಕ್ಷಿ ಇದೆಯಾ?" ಎಂದು ಕೇಳುತ್ತಿದ್ದರು. ಆಗ ಒಬ್ಬೊಬ್ಬರೇ ಎದ್ದು ನಿಂತು ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನೋ, ತಾವು ಮಾಡಿದ ತಪ್ಪನ್ನೋ ಎಲ್ಲರ ಮುಂದೆ ಹೇಳಬೇಕು. ಅದರಲ್ಲಿ ನಮ್ಮ ಅತ್ತೆ ಎತ್ತಿದ ಕೈ. ಅವರು ಎದ್ದರೆಂದರೆ ಅಡುಗೆ ಒಲೆಯ ಮೇಲಿಟ್ಟು ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆದರೆ ಸಾಕ್ಷಿಗೆ ಅತ್ತೆಯ ಒಂದು ಕಟ್ಟಪ್ಪಣೆ ಇತ್ತು, ಅದನ್ನು ಮಗನಿಗೂ ಕಲಿಸಿದ್ದರು: ನಿನ್ನ ತಪ್ಪು ಹೇಳು, ದೇವರ ಉಪಕಾರ ಹೇಳು, ಬೇರೆಯವರ ಹೆಸರು ಮಾತ್ರ ಎತ್ತಬೇಡ. ಒಮ್ಮೆ ಒಬ್ಬ ಹೆಂಗಸು, ದೇವರು ತನಗೆ ತಾಳ್ಮೆ ಕೊಟ್ಟನೆಂದು ಶುರು ಮಾಡಿ, ಓರಗಿತ್ತಿ ಕುಕ್ಕರ್ ತೆಗೆದುಕೊಂಡು ಹೋಗಿ ವಾಪಸು ಕೊಡದಿದ್ದಲ್ಲಿಗೆ ಬಂದು ಮುಟ್ಟಿದ್ದಳು. ಓರಗಿತ್ತಿ ಸುಮ್ಮನಿರುತ್ತಾಳೆಯೇ? ಅವಳೂ ಎದ್ದು ತನ್ನ ಸಾಕ್ಷಿ ಹೇಳತೊಡಗಿದಳು. ಪಾಸ್ಟರ್ ಹಾರ್ಮೋನಿಯಂ ಎಳೆದುಕೊಂಡು ಗಟ್ಟಿಯಾಗಿ ಹಾಡು ಎತ್ತಿಕೊಂಡ ಮೇಲೇ ಇಬ್ಬರೂ ಕೂತದ್ದು.

ಈ ಊರಿನ ಚರ್ಚಿನಲ್ಲಿ ಪಾಸ್ಟರ್ ಒಬ್ಬ ಹೆಂಗಸು. ನಾಲ್ಕು ಊರಿನ ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ಯಾವಾಗಲೂ ಓಡುತ್ತಲೇ ಬರುತ್ತಿದ್ದರು. ಕೊನೆಯಲ್ಲಿ ಅವರು ಪುಸ್ತಕ ಮುಚ್ಚಿ, "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಿದ್ದರು. ಒಬ್ಬರೋ ಇಬ್ಬರೋ ಎದ್ದು, ಎರಡು ಮಾತು ಹೇಳಿ, ಕೂರುತ್ತಿದ್ದರು. ಇವರಿಗೆ ಅದು ತುಂಬ ಹಿಡಿಸಿತು.

"ನೋಡೇ, ಇಲ್ಲೂ ಸಾಕ್ಷಿ ಇದೆ. ಎಷ್ಟು ಚಿಕ್ಕದಾಗಿ ಹೇಳಿ ಮುಗಿಸ್ತಾರೆ! ಅಮ್ಮ ಇವರನ್ನ ನೋಡಿ ಕಲೀಬೇಕು," ಎನ್ನುತ್ತಿದ್ದರು.

ಎರಡು ತಿಂಗಳಾಗುವಷ್ಟರಲ್ಲಿ ನನಗೆ ಭಾಷೆ ತಿಳಿಯತೊಡಗಿತು. ಅವರು ಹೇಳುತ್ತಿದ್ದದ್ದು ಸಾಕ್ಷಿಯೂ ಅಲ್ಲ, ಮಣ್ಣೂ ಅಲ್ಲ. ಕೊನೆಯ ಬೆಂಚಿನಲ್ಲಿ ಯಾರೋ ಛತ್ರಿ ಬಿಟ್ಟು ಹೋಗಿದ್ದಾರೆ. ನೀಲಿ ಕಾರು ನಿಲ್ಲಿಸಿದವರು ದಯವಿಟ್ಟು ಪಕ್ಕಕ್ಕೆ ತೆಗೆಯಿರಿ. ನನ್ನ ಬೆಕ್ಕು ಕಂಡರೆ ತಿಳಿಸಿ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಇವರು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ, ಛತ್ರಿ ಕಳೆದವರಿಗಾಗಿ ತಲೆ ಬಾಗಿಸಿ ಕೂತಿರುವುದನ್ನು ನೋಡುವುದೇ ನನಗೊಂದು ತಮಾಷೆಯಾಗಿತ್ತು. ಹೇಳೋಣ, ಮುಂದಿನ ವಾರ ಹೇಳೋಣ ಎಂದುಕೊಂಡು ಹೇಳದೇ ಉಳಿದೆ.

ಐದನೆಯ ತಿಂಗಳಲ್ಲಿ ವೃದ್ಧಾಶ್ರಮದ ಮಹಡಿಯ ಮೇಲೆ ಹೊಸ ಬಚ್ಚಲು ಮಾಡುವ ಕೆಲಸ ಗಡಿಯಾರದಪ್ಪನಿಗೆ ಸಿಕ್ಕಿತು. ಸರಿಯಾಗಿ ನನ್ನ ಒಗೆಯುವ ಕೋಣೆಯ ನೆತ್ತಿಯ ಮೇಲೆ. ಹಳೆಯ ಕಟ್ಟಡ, ಮಹಡಿಯ ನೆಲಕ್ಕೆ ಕೆಳಗೆ ಮರದ ತೊಲೆ. ಅಂಥ ಕಡೆ ಟೈಲ್ಸ್ ಕೂರಿಸುವ ಮುಂಚೆ ನೀರು ಇಳಿಯದ ಹಾಗೆ ದಪ್ಪನೆಯ ಲೇಪ ಬಳಿಯಬೇಕು. ಒಂದು ಕೋಟ್ ಹಾಕಿ, ಒಂದು ದಿನ ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ಕೋಟ್. ಇವರು ಮೊದಲನೆಯ ಕೋಟ್ ಹಾಕಿ ಕೈ ತೊಳೆಯುತ್ತಿರುವಾಗ ಗಡಿಯಾರದಪ್ಪ ಬಂದ. ಗಡಿಯಾರ ನೋಡಿದ. ಸೋಮವಾರ ಮುದುಕರು ಸ್ನಾನಕ್ಕೆ ಇಳಿಯಬೇಕು, ಒಂದು ಕೋಟ್ ಸಾಕು, ಟೈಲ್ಸ್ ಹಾಕು ಎಂದ. ಇವರು ಒಂದು ಬೆರಳೆತ್ತಿ ತೋರಿಸಿ, ಒಂದು ದಿನ ಕೊಡಿ ಎಂದು ಕೇಳಿದರು. ಆಗುವುದಿಲ್ಲ ಎಂದು ಅವನು ಮತ್ತೆ ಗಡಿಯಾರ ನೋಡಿ ಹೊರಟುಹೋದ.

ಇವರು ಟೈಲ್ಸ್ ಹಾಕಿದರು. ಎಷ್ಟು ಚೆಂದ ಹಾಕಿದರೆಂದರೆ ಆಶ್ರಮ ನೋಡಿಕೊಳ್ಳುವ ಮೇಡಂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಮೊದಲ ಸ್ನಾನಕ್ಕೆ ಇಳಿದ ಮುದುಕ ಒಳಗಿಂದ ಹಾಡಿದ್ದು ಕೆಳಗೆ ನನಗೂ ನನ್ನ ಜೊತೆಗಾತಿಗೂ ಕೇಳಿಸಿತು. ನಾನು ದುಪ್ಪಟಿ ಮಡಿಸುತ್ತಾ, "ನಮ್ಮೋರು ಮಾಡಿದ್ದು," ಎಂದು ಆ ದಿನ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಅವತ್ತು ಸಂಜೆ ಇವರು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು.

"ಯಾಕ್ರೀ, ಉಪ್ಪು ಹೆಚ್ಚಾಯ್ತಾ?" ಎಂದೆ.

"ಉಪ್ಪಲ್ಲ ಕಣೇ. ಒಂದೇ ಕೋಟ್ ಹಾಕಿದೀನಿ." ಆಮೇಲೆ ಎಲ್ಲವನ್ನೂ ಹೇಳಿದರು. "ಇವತ್ತೇ ಸೋರಲ್ಲ. ಇನ್ನು ಎರಡು ವರ್ಷಕ್ಕೆ ಸೋರ್ಬಹುದು, ಸೋರದೇನೂ ಇರ್ಬಹುದು. ಆದ್ರೆ ಮರ ಕೊಳೆತ್ರೆ ಮುದುಕರ ಕಾಲ ಕೆಳಗಿನ ನೆಲ ಅದು."

"ಟೈಲ್ಸ್ ಕೆಳಗೆ ಯಾರು ನೋಡ್ತಾರೆ? ಇನ್ನೊಂದು ತಿಂಗಳಿಗೆ ಸಹಿ ಬೀಳುತ್ತೆ. ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊಂಡು ಇರಿ," ಎಂದೆ. ಅತ್ತೆಗೆ ಕೇಳಿಸದ ಹಾಗೆ, ಆದರೆ ಖಡಾಖಂಡಿತವಾಗಿ ಹೇಳಿದೆ.

ಹದಿನೈದು ದಿನ ಇವರು ಸುಮ್ಮನಿದ್ದರು. ನಾನು ಮಾತ್ರ ಕೆಲಸದ ನಡುವೆ ತಲೆಯೆತ್ತಿ ಒಗೆಯುವ ಕೋಣೆಯ ಸೂರನ್ನು ನೋಡುತ್ತಿದ್ದೆ. ಒಂದು ಹನಿಯಾಗಲಿ ಕಲೆಯಾಗಲಿ ಇರಲಿಲ್ಲ. ಸದ್ಯ, ದೇವರು ದೊಡ್ಡವನು ಎಂದುಕೊಂಡೆ. ಆತ ನನಗೆ ಅನುಕೂಲವಾಗುವಷ್ಟು ಮಾತ್ರ ದೊಡ್ಡವನಾಗಿರಲಿ ಎಂಬುದು ನನ್ನ ಲೆಕ್ಕಾಚಾರ.

ಎರಡನೆಯ ಭಾನುವಾರ. ಪಾಸ್ಟರಮ್ಮ ಪುಸ್ತಕ ಮುಚ್ಚಿ, "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದರು. ಮುಂದಿನ ಬೆಂಚಿನಿಂದ ಒಬ್ಬರು ಎದ್ದು, ಕಪ್ಪು ಛತ್ರಿಯೊಂದು ಸಿಕ್ಕಿದೆ ಎಂದು ಹೇಳಿ ಕೂತರು. ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ನೋಡಿದರೆ ಇವರು ಎದ್ದು ನಿಂತಿದ್ದಾರೆ.

ನಾನು ಅಂಗಿ ಹಿಡಿದು ಎಳೆದೆ. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು.

"ನಾನು ಮೇಸ್ತ್ರಿ," ಎಂದು ಇಲ್ಲಿನ ಭಾಷೆಯಲ್ಲಿ, ಹದಿನೈದು ದಿನ ಕೂಡಿಸಿಟ್ಟುಕೊಂಡಿದ್ದ ಒಂದೊಂದು ಶಬ್ದವನ್ನೂ ಟೈಲ್ಸಿನ ಹಾಗೆ ಅಳೆದು ಇಡುತ್ತಾ ಹೇಳಿದರು. "ಆಶ್ರಮದ ಹೊಸ ಬಚ್ಚಲು ನನ್ನ ಕೆಲಸ. ಟೈಲ್ಸ್ ಕೆಳಗೆ ಎರಡು ಕೋಟ್ ಬೇಕು. ನಾನು ಒಂದು ಹಾಕಿದೆ. ತಪ್ಪು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿದೆ. ಹದಿನೈದು ದಿನ ಸುಮ್ಮನಿದ್ದೆ. ದೇವರು ನನ್ನ ಸುಮ್ಮನಿರಲು ಬಿಡಲಿಲ್ಲ. ನಾನು ಕಿತ್ತು ಮತ್ತೆ ಮಾಡುತ್ತೇನೆ. ಕ್ಷಮಿಸಿ."

ಎರಡನೆಯ ಬೆಂಚಿನಲ್ಲಿದ್ದ ಆಶ್ರಮದ ಮೇಡಂ ಪೂರ್ತಿ ಹಿಂದಕ್ಕೆ ತಿರುಗಿದರು. ಮೂರನೆಯ ಬೆಂಚಿನಲ್ಲಿದ್ದ ಗಡಿಯಾರದಪ್ಪನ ಕತ್ತು ಕೆಂಪಗಾಯಿತು. ಏನೂ ಅರ್ಥವಾಗದ ಅತ್ತೆಗೆ ಮಗ ಸಾಕ್ಷಿ ಹೇಳಿದನೆಂಬುದು ಮಾತ್ರ ಅರ್ಥವಾಗಿತ್ತು. ನಮ್ಮೂರಿನ ಸಭೆಯಲ್ಲಿ ದೇವರನ್ನು ಹೊಗಳುವ ಹಾಗೆ ಎರಡು ಕೈಯನ್ನೂ ಎತ್ತಿ, "ಸ್ತೋತ್ರ!" ಎಂದರು, ಕಿಟಕಿಯ ಗಾಜು ಅದುರುವ ಹಾಗೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ನೆಲ ಬಿರಿಯಲಿಲ್ಲ. ಗಡಿಯಾರದಪ್ಪ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

ಮನೆಗೆ ಬಂದು ಬಾಗಿಲು ಹಾಕುವವರೆಗೆ ನಾನು ಹಲ್ಲು ಕಚ್ಚಿಕೊಂಡಿದ್ದೆ.

"ಅದು ಸಾಕ್ಷಿ ಹೇಳೋ ಹೊತ್ತಲ್ಲ ಕಣ್ರೀ! ಛತ್ರಿ ಕಳ್ಕೊಂಡೋರು ಹೇಳೋ ಹೊತ್ತು! ಬೆಕ್ಕು ಕಳ್ಕೊಂಡೋರು ಹೇಳೋ ಹೊತ್ತು!"

ಇವರು ನನ್ನ ಕಡೆ ತಿರುಗಿದರು. "ನಿಂಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು. ಆದರೂ ಸೋಲುವವಳಲ್ಲ ನಾನು. "ಹೋಗ್ಲಿ, ಹೇಳಿದ್ದು ಹೇಳಿದ್ರಿ. ಅವನೇ ಒಂದು ಕೋಟ್ ಸಾಕು ಅಂದಿದ್ದು, ನೀವು ಒಂದು ದಿನ ಕೇಳಿದ್ರೂ ಕೊಡ್ಲಿಲ್ಲ ಅಂತ ಯಾಕೆ ಹೇಳ್ಲಿಲ್ಲ? ಎಲ್ಲಾನೂ ತಲೆ ಮೇಲೆ ಎಳ್ಕೊಂಡ್ರಲ್ಲ!"

"ಅದು ಅವರ ಸಾಕ್ಷಿ. ನನ್ನದಲ್ಲ," ಎಂದರು. "ಗಾರೆ ಬಳಿಯೋ ಕರಣೆ ನನ್ನ ಕೈಯಲ್ಲಿತ್ತು. ಹಾಕಲ್ಲ ಅಂತ ಕರಣೆ ಕೆಳಗೆ ಇಡಬಹುದಿತ್ತು, ಇಡಲಿಲ್ಲ. ಅಷ್ಟು ನನ್ನದು."

ಅತ್ತೆ ಒಳಗಿಂದ ಬಂದು, "ಮಗ ಸರಿಯಾಗಿ ಹೇಳಿದ್ನಾ? ಯಾರ ಹೆಸರೂ ಎತ್ತಲಿಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆ. "ನನ್ನ ಮಗ!" ಎಂದು ಹೇಳಿ ಅಡುಗೆಮನೆಗೆ ಹೋದರು. ನನಗೆ ಮೈಯೆಲ್ಲ ಉರಿಯಿತು.

ಸೋಮವಾರ ಏಳಕ್ಕೆ ಹತ್ತು ನಿಮಿಷವಾಯಿತು, ಏಳಾಯಿತು, ಏಳೂವರೆಯಾಯಿತು. ವ್ಯಾನು ಬರಲಿಲ್ಲ. ಇವರು ಬೂಟು ಹಾಕಿಕೊಂಡು, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತೇ ಇದ್ದರು. ನಾನು ಕೆಲಸಕ್ಕೆ ಹೊರಟಾಗಲೂ ಹಾಗೆಯೇ ಕೂತಿದ್ದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕೆಲಸಕ್ಕೆ ಯಾರೂ ಕರೆಯದೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಂಗಳವಾರ ಅವರು ಕಾಯಲಿಲ್ಲ. ಊರಿನಿಂದ ತಂದ ತಮ್ಮದೇ ಸಾಮಾನಿನ ಚೀಲ, ಅದೇ ಕರಣೆ, ಸುತ್ತಿಗೆ, ಉಳಿ, ರಸಮಟ್ಟ, ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡು ಬೀದಿಯುದ್ದ ನಡೆದುಕೊಂಡು ಆಶ್ರಮಕ್ಕೆ ಬಂದರು. ಮೇಡಂ ಹತ್ತಿರ ಹೋಗಿ, ಕಿತ್ತು ಮಾಡಿಕೊಡುತ್ತೇನೆ ಎಂದರು. ಮೇಡಂ ಬಹಳ ಹೊತ್ತು ಯೋಚಿಸಿ, ಮಾಡಿ ಎಂದರಂತೆ. ಒಂಬತ್ತು ಗಂಟೆಗೆ ನನ್ನ ತಲೆಯ ಮೇಲೆ ಸುತ್ತಿಗೆಯ ಮೊದಲ ಪೆಟ್ಟು ಬಿತ್ತು.

ತಾವೇ ಕೂರಿಸಿದ ಟೈಲ್ಸನ್ನು ತಾವೇ ಒಡೆಯುವ ಸದ್ದು ಅದು. ನೂಲಿನ ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹಾಕಿದ ನೆಲ. ಪ್ರತಿಯೊಂದು ಪೆಟ್ಟೂ ನನ್ನ ಎದೆಗೇ ಬೀಳುತ್ತಿತ್ತು. ಜೊತೆಗಾತಿ ದುಪ್ಪಟಿಯ ಆ ತುದಿ ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದಳೇ ಹೊರತು ಹತ್ತಿರ ಬರಲಿಲ್ಲ, ಮಾತಾಡಲೂ ಇಲ್ಲ.

ಬುಧವಾರ ಮಧ್ಯಾಹ್ನ ನಾನು ಊಟಕ್ಕೆ ಕರೆಯಲು ಮೇಲೆ ಹೋದೆ. ಇವರು ನನ್ನ ಬೆರಳು ಹಿಡಿದು, ನೀರಿನ ತೂತಿನ ಪಕ್ಕದ ಮೂಲೆಯಲ್ಲಿ, ಕಿತ್ತ ಜಾಗದ ಮರದ ಹಲಗೆಗೆ ಒತ್ತಿದರು. ಬೆರಳು ಒದ್ದೆಯಾಯಿತು. ಎರಡು ವರ್ಷವೂ ಅಲ್ಲ, ಎರಡು ತಿಂಗಳೂ ಅಲ್ಲ, ಹದಿನೈದೇ ದಿನಕ್ಕೆ. ಸುಮ್ಮನಿರಿ ಎಂದಿದ್ದ ನನ್ನ ಮಾತು ನನಗೇ ನೆನಪಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಬೂಟಿನ ಸದ್ದು. ಗಡಿಯಾರದಪ್ಪ ಬಾಗಿಲಲ್ಲಿ ನಿಂತ. ಒಡೆದ ಚೂರುಗಳ ರಾಶಿಯನ್ನು ನೋಡಿದ. ಇವರು ಪಕ್ಕಕ್ಕೆ ಸರಿದು ಮೂಲೆಯನ್ನು ತೋರಿಸಿದರು. ಅವನು ಬಗ್ಗಿ ಬೆರಳಿಟ್ಟ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಸಹಿಯ ಮಾತು ತಿಂಗಳ ಕೊನೆಗೆ ನೋಡೋಣ," ಎಂದಷ್ಟೇ ಹೇಳಿ ಇಳಿದು ಹೋದ.

ಊರಿಗೆ ಊರೇ ಮಾತಾಡತೊಡಗಿತು. ಅಂಗಡಿಯಲ್ಲಿ ಒಬ್ಬಳು ನನ್ನ ಎದುರಿಗೇ ಇನ್ನೊಬ್ಬಳಿಗೆ, "ನಮ್ಮ ಅಡುಗೆಮನೆಯ ನೆಲ ಅವನ ಕೈಲೇ ಮಾಡಿಸಬೇಕು ಅಂದುಕೊಂಡಿದ್ದೆ, ಸದ್ಯ ಬದುಕಿದೆ," ಎಂದಳು. ನನಗೆ ಭಾಷೆ ಬರುವುದಿಲ್ಲ ಎಂದುಕೊಂಡಿದ್ದಳು, ಪಾಪ. ನಾನು ತರಕಾರಿ ಚೀಲವನ್ನು ಅಲ್ಲೇ ಕುಕ್ಕಿ ಬಂದೆ. ಮೇಸ್ತ್ರಿಯಾದವನಿಗೆ ಕೈ ಬಿಟ್ಟರೆ ಇರುವುದು ಹೆಸರೊಂದೇ. ಆ ಹೆಸರು ಬೀದಿಯಲ್ಲಿ ಬಿದ್ದಿದೆ, ಬೀಳಿಸಿದವನು ವ್ಯಾನಿನಲ್ಲಿ ಓಡಾಡುತ್ತಿದ್ದಾನೆ. ಭಾನುವಾರ ಬರಲಿ, ನಾನು ಎದ್ದು ನಿಲ್ಲುತ್ತೇನೆ ಎಂದು ತೀರ್ಮಾನಿಸಿದೆ.

ಇವರಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಶನಿವಾರ ಕೆಲಸದ ಮೇಜಿನ ಮುಂದೆ ಕೂತು ಕಾಗದದಲ್ಲಿ ಬರೆದೆ. ಯಾರು ಬಂದದ್ದು, ಯಾರು ಗಡಿಯಾರ ನೋಡಿದ್ದು, ಯಾರು ಒಂದು ದಿನ ಕೇಳಿದ್ದು, ಯಾರು ಕೊಡಲಿಲ್ಲ, ಎಲ್ಲ ಬರೆದೆ. ಜೊತೆಗಾತಿ ತಪ್ಪುಗಳನ್ನು ತಿದ್ದಿಕೊಟ್ಟು, "ಇದನ್ನು ಓದಿದರೆ ಅವನು ಸಹಿ ಹಾಕುತ್ತಾನೆಯೇ?" ಎಂದು ಕೇಳಿದಳು.

"ಹಾಕದಿದ್ದರೆ ಬೇಡ. ಹೋಗುವುದಾದರೆ ಹೆಸರು ಉಳಿಸಿಕೊಂಡು ಹೋಗುತ್ತೇವೆ," ಎಂದೆ.

ಭಾನುವಾರ ಚರ್ಚು ಎಂದಿಗಿಂತ ತುಂಬಿತ್ತು. ಮೂರನೆಯ ಬೆಂಚಿನಲ್ಲಿ ಅವನೂ ಇದ್ದ. ಪಾಸ್ಟರಮ್ಮ ಪುಸ್ತಕ ಮುಚ್ಚಿದರು, ಕೇಳಿದರು. ಯಾರೋ ಒಬ್ಬರು ಕೈಚೀಲ ಸಿಕ್ಕಿದೆ ಎಂದರು. ನಾನು ಎದ್ದೆ.

ಇವರು ತಲೆಯೆತ್ತಿ ನೋಡಿದರು, ಅಂಗಿಯನ್ನೋ ಸೆರಗನ್ನೋ ಎಳೆಯಲಿಲ್ಲ. ಮಡಿಲ ಮೇಲಿದ್ದ ಅವರ ಕೈಗಳು ಮಾತ್ರ ನನಗೆ ಕಂಡವು. ಟೈಲ್ಸಿನ ಚೂರು ತಾಗಿ ಬೆರಳಿನ ತುಂಬ ಗಾಯ. ಆ ಕಡೆ ಅತ್ತೆಯ ಮುಖ ಅರಳಿಹೋಗಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಒಂದು ದಿನವೂ ಸಾಕ್ಷಿ ಹೇಳಿದವಳಲ್ಲ. ಸೊಸೆ ಎದ್ದಳು ಎಂದು ಆ ಮುದುಕಿ ಆಗಲೇ ಕೈ ಎತ್ತಲು ತಯಾರಾಗಿ ಕೂತಿತ್ತು.

ನಾನು ಕಾಗದ ಬಿಚ್ಚಿದೆ. ಮೊದಲ ಸಾಲಿನಲ್ಲೇ ಅವನ ಹೆಸರಿತ್ತು. ಓದಿದರೆ ಎಲ್ಲವೂ ನಿಜವೇ. ಆದರೆ ಇವರು ಆ ಹೆಸರನ್ನು ಹೇಳದೆ, ತಪ್ಪಿನ ಹೊರೆಯನ್ನು ಬೇರೆಯವರ ಮೇಲೆ ಹಾಕದೆ, ತಮ್ಮ ಸಾಕ್ಷಿಯನ್ನು ಚೊಕ್ಕವಾಗಿ ಉಳಿಸಿಕೊಂಡದ್ದು ಆ ಹೊತ್ತಿಗೆ ನನಗೆ ತಿಳಿಯಿತು. ಇವರು ಅಷ್ಟು ದೊಡ್ಡ ನೋವು ತಿಂದು ಮಾಡಿದ ಕೆಲಸದ ಮೇಲೆ ನಾನು ಕೆಟ್ಟ ಕೋಟ್ ಬಳಿಯಲು ನಿಂತಿದ್ದೆ. ಕಾಗದ ಮಡಿಸಿದೆ.

"ನನ್ನದು ಎರಡು ತಪ್ಪಿದೆ," ಎಂದೆ. "ಒಂದು ಕೋಟ್ ಹಾಕಿದ್ದೇನೆ ಅಂತ ನನ್ನ ಗಂಡ ಅವತ್ತೇ ಸಂಜೆ ನನಗೆ ಹೇಳಿದರು. ಸುಮ್ಮನಿರಿ ಅಂತ ಹೇಳಿದವಳು ನಾನು. ಮುದುಕರಿಗಿಂತ ನನಗೆ ಕಾಗದದ ಮೇಲಿನ ಸಹಿ ದೊಡ್ಡದಾಗಿತ್ತು. ಇದು ಒಂದು. ಇನ್ನೊಂದು, ಇದು ನೀವು ಛತ್ರಿ ಹುಡುಕುವ ಹೊತ್ತು ಅಂತ ನನಗೆ ಮೂರು ತಿಂಗಳಿಂದ ಗೊತ್ತು. ನಮ್ಮೂರಲ್ಲಿ ಈ ಹೊತ್ತಿಗೆ ಜನ ತಮ್ಮ ತಪ್ಪು ಹೇಳುತ್ತಾರೆ. ನನ್ನ ಗಂಡ ಇದೂ ಅದೇ ಅಂದುಕೊಂಡಿದ್ದರು. ನಾನು ತಮಾಷೆ ನೋಡುತ್ತಾ ಕೂತಿದ್ದೆ, ತಿದ್ದಲಿಲ್ಲ." ಇಷ್ಟು ಹೇಳಿ ಕೂರಬೇಕಿತ್ತು. ಕೂರಲು ಮನಸ್ಸಾಗಲಿಲ್ಲ. "ತಿದ್ದದೇ ಇದ್ದದ್ದು ಒಳ್ಳೆಯದೇ ಆಯಿತು. ಇವರಂಥ ಕೆಲಸಗಾರನನ್ನು ನಾನು ನೋಡಿಲ್ಲ. ಇವರ ಹೆಂಡತಿ ನಾನು. ಅದು ನನಗೆ ಹೆಮ್ಮೆ."

ಕೂತೆ. "ಸ್ತೋತ್ರ!" ಎಂದರು ಅತ್ತೆ. ಈ ಸಲ ಹಿಂದಿನ ಬೆಂಚಿನಿಂದ ಯಾರೋ ಮುದುಕರು ತಮ್ಮ ಭಾಷೆಯಲ್ಲಿ "ಆಮೆನ್" ಎಂದು ಮೆಲ್ಲಗೆ ದನಿಗೂಡಿಸಿದರು. ಬಚ್ಚಲಿನಲ್ಲಿ ಹಾಡಿದ ಮುದುಕನದೇ ಗಂಟಲು ಅದು.

ಪಾಸ್ಟರಮ್ಮ ಹಾಡಿನ ಪುಸ್ತಕ ಕೈಗೆತ್ತಿಕೊಂಡರು. ಅಷ್ಟರಲ್ಲಿ ಮೂರನೆಯ ಬೆಂಚು ಕಿರುಗುಟ್ಟಿತು. ಗಡಿಯಾರದಪ್ಪ ಎದ್ದು ನಿಂತಿದ್ದ. ಗಡಿಯಾರ ಕಟ್ಟಿದ ಎಡಗೈಯನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದ.

"ಅವನು ಎರಡನೇ ಕೋಟ್ ಹಾಕಲು ಒಂದು ದಿನ ಕೇಳಿದ," ಎಂದ. "ನಾನು ಕೊಡಲಿಲ್ಲ."

ಅಷ್ಟೇ. ಛತ್ರಿ ಸಿಕ್ಕಿತು ಎನ್ನುವವನ ಹಾಗೆ ಹೇಳಿ ಕೂತುಬಿಟ್ಟ.

ಅತ್ತೆ ನನ್ನ ಕಡೆ ಬಾಗಿ, ಇಡೀ ಚರ್ಚಿಗೆ ಕೇಳಿಸುವ ಪಿಸುಮಾತಿನಲ್ಲಿ, "ಏನಂದ ಆ ಮನುಷ್ಯ?" ಎಂದು ಕೇಳಿದರು.

"ಸಾಕ್ಷಿ ಹೇಳಿದ, ಅತ್ತೆ."

"ಇಷ್ಟೇನಾ?"

"ಇಷ್ಟೇ."

"ಮೊದಲನೇ ಸಲ ಅಲ್ವಾ, ಪರವಾಗಿಲ್ಲ. ಹೇಳ್ತಾ ಹೇಳ್ತಾ ರೂಢಿ ಆಗುತ್ತೆ," ಎಂದು ಅವನಿಗೂ ಒಂದು ಸ್ತೋತ್ರ ಹಾಕಿದರು. ಇವರು ನನ್ನ ಕಡೆ ನೋಡಲಿಲ್ಲ. ಬೆಂಚಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಗಾಯದ ಕೈ ಇಟ್ಟರು. ಎಲ್ಲರೆದುರಿಗೆ ಹಾಗೆ ಮಾಡುವವರಲ್ಲ.

ಸೋಮವಾರ ಏಳಕ್ಕೆ ಹತ್ತು ನಿಮಿಷ ಇರುವಾಗ ಗೇಟಿನ ಮುಂದೆ ಎರಡು ಸಲ ಹಾರನ್ ಕೇಳಿಸಿತು. ಇವರು ಒಂದನೆಯದಕ್ಕೇ ಎದ್ದಿದ್ದರು. ವ್ಯಾನಿನ ಹಿಂದೆ ಲೇಪದ ಹೊಸ ಡಬ್ಬಗಳಿದ್ದವು. ತಿಂಗಳ ಕೊನೆಗೆ ಸಹಿಯೂ ಬಿತ್ತು, ವ್ಯಾನಿನ ಮುಂಭಾಗದ ಮೇಲೆ ಕಾಗದ ಇಟ್ಟು ಅವನು ಹಾಕಿದ ಸಹಿ. ಅಂಗಡಿಯಲ್ಲಿ ಸಿಕ್ಕಿದ್ದವಳು ತನ್ನ ಅಡುಗೆಮನೆಗೆ ಇವರೇ ಬೇಕೆಂದು ಕೇಳಿದಾಗ, ಎರಡು ವಾರ ಕಾಯಬೇಕಾಗುತ್ತದೆ ಎಂದು ನಾನೇ ಹೇಳಿದೆ. ಬೇಕೆಂದೇ ಹೇಳಿದೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ವ್ಯಾನು ಮತ್ತೆ ಬಂದ ಆ ವಾರದ ಮಂಗಳವಾರ. ಹಿಂದಿನ ದಿನ ಇವರು ಮೊದಲನೆಯ ಕೋಟ್ ಹಾಕಿ ಮುಗಿಸಿದ್ದರು. ಬೆಳಿಗ್ಗೆ ಎಂದಿನ ಹಾಗೆ ವ್ಯಾನು ಬಂತು, ಎಂದಿನ ಹಾಗೆ ಹೋದರು. ನಾನು ಕೆಳಗೆ ದುಪ್ಪಟಿ ಮಡಿಸುತ್ತಿದ್ದೆ. ಮಧ್ಯಾಹ್ನವಾದರೂ ಮೇಲಿನಿಂದ ಸುತ್ತಿಗೆಯ ಸದ್ದಿಲ್ಲ, ಕರಣೆಯ ಸದ್ದಿಲ್ಲ. ಜೊತೆಗಾತಿ ಸೂರಿನ ಕಡೆ ನೋಡಿ, "ಇವತ್ತು ನಿನ್ನ ಗಂಡ ಕೆಲಸಕ್ಕೆ ಬಂದಿಲ್ಲವೇ?" ಎಂದಳು.

ಆಗಷ್ಟೇ ನಾನು ಮೇಲೆ ಹೋಗಿ ನೋಡಿ ಬಂದಿದ್ದೆ.

"ಬಂದಿದ್ದಾರೆ," ಎಂದೆ. "ಇವರು, ಯಜಮಾನ, ಇಬ್ಬರೂ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಣಗಲಿ ಅಂತ ಕಾಯುತ್ತಿದ್ದಾರೆ."